ಗಣ್ಯತೆಯ ಎಲ್ಲೆ: ಒಂದು ವಿಮರ್ಶೆ

ಕೇವಲ ಆಕಸ್ಮಿಕದಿಂದ ಇಂಥ ಫಲವು ದೊರೆಯುವ ಸಂಭವವು ಇಪ್ಪತ್ತರಲ್ಲೊಂದಕ್ಕಿಂತ ಕಡಮೆಯಾದರೆ ಶೋಧವು ಗಣ್ಯವೆಂಬುದು ೧೯೨೫ರಲ್ಲಿ ಫಿಷರನು ಅನುಕೂಲಕ್ಕಾಗಿ ಹಾಕಿದ ಎಲ್ಲೆ. ಅನುಯಾಯಿಗಳು ಅದನ್ನು ಶಾಸನವಾಗಿಸಿದರು. ಇದನ್ನು ಇನ್ನೂರರಲ್ಲೊಂದಕ್ಕೆ ಬಿಗಿಸಬೇಕೆಂದು ೨೦೧೭ರಲ್ಲಿ ೭೨ ವಿದ್ವಾಂಸರೂ, ಗಣ್ಯಾಗಣ್ಯವೆಂಬ ವಿಭಾಗವನ್ನೇ ಕೈಬಿಡಬೇಕೆಂದು ೨೦೧೯ರಲ್ಲಿ ೮೦೦ಕ್ಕೂ ಮಿಕ್ಕವರೂ ವಾದಿಸಿದರು.

ಈ ವಾದಕ್ಕೆ ಕೋಲಾರದ ಚಿನ್ನದ ಗಣಿಯೇ ಒರೆಗಲ್ಲು. ಅಲ್ಲಿ ೨,೩೦೦ ಮೀಟರು ಆಳದಲ್ಲಿ ೧೯೮೦ರ ದಶಕದಲ್ಲಿ ಪ್ರೋಟಾನಿನ ಕ್ಷಯವನ್ನು ಅರಸಿದವರು, ಕಂಡ ಕೆಲವೇ ಘಟನೆಗಳನ್ನು ಕ್ಷಯದ ಗುರುತಿರಬಹುದೆಂದರು. ನ್ಯೂಟ್ರಿನೋಗಳೂ ಅಂಥ ಗುರುತನ್ನು ಬಿಡಬಲ್ಲುವು. ಅಮೆರಿಕ, ಜಪಾನುಗಳ ಹಿರಿಯ ಉಪಕರಣಗಳು ಅವನ್ನು ಸಮರ್ಥಿಸಲಿಲ್ಲ. ತೀರ್ಪಿತ್ತುದು ಎಲ್ಲೆಯಲ್ಲ, ಮರುಪರೀಕ್ಷೆ.

ಎಲ್ಲೆಯನ್ನು ಬಿಗಿಸಿದ ಮಾತ್ರಕ್ಕೆ ವಿವೇಚನೆ ಬೆಳೆಯದು. ಕಿತ್ತರೆ ಶೋಧಕನ ಆಸೆಯೇ ಅಳತೆಗೋಲಾದೀತು. ಕೋಲಾರದವರು ಕಂಡುದನ್ನು ಪ್ರಕಟಿಸಿದುದರಿಂದಲೇ ಹೋಲಿಕೆ ಸಾಧ್ಯವಾಯಿತು. ನಮ್ಮ ಮತದಲ್ಲಿ ಮೊದಲು ಬೇಕಾದ ನಿಯಮವು ಅದೇ.