ಹೋಟೆಲ್ ವಿದ್ಯೆಯ ರಾಷ್ಟ್ರೀಯ ಪ್ರವೇಶ ಪರೀಕ್ಷೆ: ಒಂದು ವಿಮರ್ಶೆ

ಹೋಟೆಲ್ ನಿರ್ವಹಣೆಯ ಪದವಿಗೆ ಅಭ್ಯರ್ಥಿಗಳನ್ನು ಆರಿಸುವ ರಾಷ್ಟ್ರೀಯ ಪರೀಕ್ಷೆಯನ್ನು ಕುರಿತು ಚರಿತ್ರೆಯ ಅಧ್ಯಾಪಕರಾದ ನಾವು ಬರೆಯುವುದು ಅಪ್ರಸ್ತುತವೆಂದು ಕೆಲವರಿಗೆ ತೋರಬಹುದು. ಆದರೆ ಯಾವ ಪರೀಕ್ಷೆಯಾದರೂ ಅದನ್ನು ರೂಪಿಸಿದ ಸಂಸ್ಥೆಯ ಚರಿತ್ರೆಯ ಗುರುತನ್ನು ಹೊತ್ತಿರುತ್ತದೆ.

ಈ ವಿದ್ಯೆಯ ಮೊದಲ ಸಂಸ್ಥೆ 1954ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾಯಿತು. ಅದರ ಹಿಂದೆ ಇದ್ದುದು ಲೀಲಾವತಿ ಮುನ್ಶಿಯವರು ಮುಂದಾಳಾಗಿದ್ದ ಅಖಿಲ ಭಾರತ ಮಹಿಳಾ ಕೇಂದ್ರ ಆಹಾರ ಮಂಡಲಿ. ಧಾನ್ಯದ ಅಭಾವವನ್ನು ಕಂಡ ಆ ಕಾಲದಲ್ಲಿ ಆಹಾರವೇ ದೇಶದ ಚಿಂತೆಯಾಗಿತ್ತು. ಮುಂದೆ ಇಂಥ ಸಂಸ್ಥೆಗಳು ಕೇಂದ್ರದ ಆಹಾರ ಇಲಾಖೆಯ ಆಶ್ರಯದಲ್ಲಿ ಬೆಳೆದು, 1982ರಲ್ಲಿ ಪ್ರವಾಸೋದ್ಯಮ ಇಲಾಖೆಗೆ ಸೇರಿದವು. ಅದೇ ವರ್ಷ ಇವುಗಳ ರಾಷ್ಟ್ರೀಯ ಮಂಡಲಿಯೂ ರಚಿತವಾಯಿತು. ಅನ್ನದ ವಿದ್ಯೆಯಾಗಿ ಮೊದಲಾದುದು ಪ್ರವಾಸಿಗಳ ಉಪಚಾರದ ವಿದ್ಯೆಯಾಗಿ ಮಾರ್ಪಟ್ಟಿತು.

ಈ ಮಾರ್ಪಾಡಿನ ನೆರಳು ಪ್ರಶ್ನಪತ್ರಿಕೆಯ ಮೇಲೆ ಬಿದ್ದಿದೆ. ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯು ಹೊಣೆ ವಹಿಸಿಕೊಂಡ 2019ರಲ್ಲಿ ಒಟ್ಟು 200 ಪ್ರಶ್ನೆಗಳಿದ್ದವು. ಇಂಗ್ಲಿಷಿಗೆ 60, ಸೇವಾವೃತ್ತಿಯ ಅಭಿರುಚಿಗೆ 50. ಗಣಿತ, ತರ್ಕ, ಸಾಮಾನ್ಯಜ್ಞಾನಗಳಿಗೆ ತಲಾ 30. ವೃತ್ತಿಯ ಅಭಿರುಚಿಗಿಂತ ಭಾಷೆಗೇ ಹೆಚ್ಚಿನ ತೂಕ. ಮಿಕ್ಕ ಭಾಗಗಳೂ ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರ ಇದ್ದವು.

ದೇಶಕ್ಕೆಲ್ಲ ಒಂದೇ ಅಳತೆಗೋಲು ಇರುವುದರಿಂದ ಶಿಫಾರಸಿಗೆ ಎಡೆಯಿಲ್ಲವೆಂಬ ಗುಣವನ್ನು ನಾವು ಅಲ್ಲಗಳೆಯುವುದಿಲ್ಲ. ಪರದೇಶದ ಅತಿಥಿಯೊಡನೆ ವ್ಯವಹರಿಸಲು ಇಂಗ್ಲಿಷ್ ಬೇಕೆಂಬ ವಾದವೂ ನಿಜವೇ. ಆದರೆ ಅದನ್ನು ಕಲಿಸಲು ಮೂರು ವರ್ಷಗಳ ಪಾಠಕ್ರಮವಿದೆ. ಬಾಗಿಲಲ್ಲಿಯೇ ಅದನ್ನು ಕೇಳಿದರೆ ಒಳಗೆ ಬರುವವರು ಯಾರು, ಹೊರಗೆ ಉಳಿಯುವವರು ಯಾರು ಎಂಬುದು ವಿಚಾರಾರ್ಹ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಮುಂದೆ ಮಾವಳ್ಳಿ ಟಿಫಿನ್ ರೂಂ ಎಂದು ಹೆಸರಾದ ಹೋಟೆಲನ್ನು ಕಟ್ಟಿದ ಮಯ್ಯ ಸೋದರರೂ, ಮದರಾಸಿನ ವುಡ್‌ಲ್ಯಾಂಡ್ಸಿನ ಕೆ. ಕೃಷ್ಣರಾಯರೂ ಅಡುಗೆಮನೆಯಲ್ಲಿ ದುಡಿದು ಈ ವೃತ್ತಿಯನ್ನು ಕಲಿತವರು. ಅವರ ಶುಚಿ, ರುಚಿ, ಲೆಕ್ಕಾಚಾರ, ಅತಿಥಿಯ ಮನಸ್ಸನ್ನರಿಯುವ ಜಾಣ್ಮೆಗಳು ಕನ್ನಡ, ತುಳು ಆಡುವ ಮನೆಗಳಲ್ಲಿ ಬೆಳೆದವು. ಅಂಥ ಮನೆಯಿಂದ ಬಂದು ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿ ಇಂದು ಈ ಪರೀಕ್ಷೆಯಲ್ಲಿ ತರ್ಕದ ಪ್ರಶ್ನೆಯನ್ನು ಕೂಡ ಪರಭಾಷೆಯಲ್ಲಿ ಬಿಡಿಸಬೇಕಾಗಿದೆ.

ಪರಿಹಾರವು ಅಸಾಧ್ಯವಾದುದಲ್ಲ. ಇದೇ ಪರೀಕ್ಷಾ ಸಂಸ್ಥೆಯು ವೈದ್ಯಕೀಯ ಪ್ರವೇಶದ ಪ್ರಶ್ನೆಗಳನ್ನು ಕನ್ನಡವೂ ಸೇರಿದಂತೆ 13 ಭಾಷೆಗಳಲ್ಲಿ ಕೊಟ್ಟಿದೆ. ಭಾವೀ ವೈದ್ಯನಿಗೆ ಸಂದ ಸೌಕರ್ಯ ಭಾವೀ ಹೋಟೆಲಿಗನಿಗೆ ಏಕೆ ಸಲ್ಲಬಾರದು? ಇಂಗ್ಲಿಷನ್ನು ಕೇವಲ ಅರ್ಹತೆಯ ಮಟ್ಟಕ್ಕೆ ಮಿತಿಗೊಳಿಸಿ, ಮಿಕ್ಕ ಭಾಗಗಳನ್ನು ದೇಶಭಾಷೆಗಳಲ್ಲಿ ಒದಗಿಸುವುದು ನ್ಯಾಯವೆಂದು ನಮ್ಮ ಅಭಿಮತ.