ಕೇಬಲ್ ಕಿತ್ತು ನೋಡಿ

ಎನ್‌ಎಫ್‌ಎಸ್ ಮೇಲೆ ಸ್ವಾಪ್ ಫೈಲ್ ಇಟ್ಟು, ಸ್ವಾಪಾನ್ ಕಮಾಂಡ್ ತಕರಾರಿಲ್ಲದೆ ಮುಗಿದ ಕೂಡಲೇ ಪರೀಕ್ಷೆ ಆಯಿತೆಂದು ಎದ್ದು ಹೋಗುವವರನ್ನು ಕಂಡರೆ ನನಗೆ ಸಂಕಟ. ಪರೀಕ್ಷೆ ಶುರುವಾಗುವುದೇ ಅಲ್ಲಿಂದ.

ಮೆಮೊರಿ ತುಂಬಿದಾಗ ಕರ್ನಲ್ ಕೆಲವು ಪುಟಗಳನ್ನು ಸ್ವಾಪ್‌ಗೆ ಸಾಗಿಸಿ ಜಾಗ ಮಾಡಿಕೊಳ್ಳುತ್ತದೆ. ಎನ್‌ಎಫ್‌ಎಸ್‌ನಲ್ಲಿರುವಂತೆ ಸ್ವಾಪ್ ದೂರದ ಸರ್ವರ್‌ನಲ್ಲಿದ್ದರೆ ಪುಟವನ್ನು ಪ್ಯಾಕೆಟ್ ಕಟ್ಟಿ ಕಳಿಸಬೇಕು. ಪ್ಯಾಕೆಟ್ ಕಟ್ಟಲಿಕ್ಕೂ ಮೆಮೊರಿ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಕಳಿಸುವುದಕ್ಕಿಂತ ಕಷ್ಟ ಉತ್ತರ ಪಡೆಯುವುದು: ಬಂದ ಪ್ಯಾಕೆಟ್ ಯಾರದೆಂದು ಬಿಚ್ಚುವವರೆಗೆ ತಿಳಿಯದು, ಬಿಚ್ಚಬೇಕೆಂದರೆ ಅದನ್ನು ಇಳಿಸಿಕೊಳ್ಳಲು ಜಾಗ ಬೇಕು. 2012ರಲ್ಲಿ ಮೆಲ್ ಗೋರ್ಮನ್ ಅವರ ಪ್ಯಾಚ್‌ಗಳು ಲಿನಕ್ಸ್ 3.6ಕ್ಕೆ ಸೇರಿದಾಗ ದಾರಿ ಸಿಕ್ಕಿತು. ಆಪತ್ತಿಗೆಂದು ಎತ್ತಿಟ್ಟ ಮೆಮೊರಿಯಲ್ಲಿ ಪ್ಯಾಕೆಟ್ ಇಳಿಸಿಕೊಂಡು, ಅದು ಸ್ವಾಪ್‌ನ ಸಾಕೆಟ್‌ಗೆ ಸೇರಿದ್ದಾದರೆ ಒಳಗೆ ಬಿಡುವುದು, ಬೇರೆಯವರದಾದರೆ ಅಲ್ಲೇ ಎಸೆಯುವುದು. ಟಿಸಿಪಿ ಆದರೆ ಎಸೆದದ್ದನ್ನು ಕಳಿಸಿದವರೇ ಮತ್ತೆ ಕಳಿಸುತ್ತಾರೆ. ಇಷ್ಟು ಕಠೋರವಾದ, ಇಷ್ಟು ಸರಿಯಾದ ತೀರ್ಮಾನ ಕರ್ನಲ್‌ನಲ್ಲಿ ನನಗೆ ಹೆಚ್ಚು ಕಂಡಿಲ್ಲ.

ನಾನು ಮಾಡುವ ಕ್ರಮ ಹೇಳುತ್ತೇನೆ. 512 ಎಂಬಿ ಮೆಮೊರಿಯ ವರ್ಚುವಲ್ ಯಂತ್ರ, ಸರ್ವರ್‌ನಲ್ಲಿ 1 ಜಿಬಿ ಫೈಲ್. ಅದನ್ನು ಡಿಡಿಯಿಂದ ಸೊನ್ನೆ ತುಂಬಿಯೇ ಮಾಡಬೇಕು. ಟ್ರಂಕೇಟ್‌ನಿಂದ ಹಿಗ್ಗಿಸಿದರೆ ಒಳಗೆಲ್ಲ ತೂತು, ಸ್ವಾಪಾನ್ ಒಪ್ಪುವುದಿಲ್ಲ. ಮೌಂಟ್ ಹಾರ್ಡ್ ಆಗಿರಲಿ. ಕನ್ಸೋಲ್ ಎದುರು ಕೂರಬೇಕು, ಎಸ್‌ಎಸ್‌ಎಚ್ ನೆಚ್ಚಿದರೆ ಕೇಬಲ್ ಜೊತೆ ಅದೂ ಹೋಗುತ್ತದೆ. ಆಮೇಲೆ 800 ಎಂಬಿ ಕೇಳುವ ಪುಟ್ಟ ಪ್ರೋಗ್ರಾಂ. ನಾಲ್ಕು ಕೆಬಿಯ ಪುಟದಂತೆ 2,04,800 ಪುಟ. ಪ್ರತಿ ಪುಟದ ಮೇಲೂ ಅದರದೇ ಕ್ರಮಸಂಖ್ಯೆ ಬರೆಯುತ್ತದೆ. ವಿಎಂಸ್ಟ್ಯಾಟ್‌ನಲ್ಲಿ ಹೊರಹೋಗುವ ಪುಟಗಳ ಕಾಲಂ ಏರತೊಡಗಿದಾಗ ಕೇಬಲ್ ಕೀಳುತ್ತೇನೆ. ಪರದೆ ನಿಂತುಬಿಡುತ್ತದೆ. ಐದು ನಿಮಿಷ ಮುಟ್ಟಬಾರದು. ಈ ಐದು ನಿಮಿಷ ಕೈಕಟ್ಟಿ ಕೂರುವುದೇ ಕಷ್ಟ. ಆಮೇಲೆ ಕೇಬಲ್ ಮತ್ತೆ ಸಿಕ್ಕಿಸುತ್ತೇನೆ.

ಎರಡನೇ ಸುತ್ತಿನಲ್ಲಿ ಕೇಬಲ್ ಹಾಗೇ ಬಿಟ್ಟು ಸರ್ವರ್ ಅನ್ನೇ ರೀಸ್ಟಾರ್ಟ್ ಮಾಡಿ. ಎನ್‌ಎಫ್‌ಎಸ್ 4ರಲ್ಲಿ ಆಗ ಗ್ರಾಹಕ ಯಂತ್ರ ತನ್ನ ಹಕ್ಕುಗಳನ್ನು ಮತ್ತೆ ಕೇಳಿ ಪಡೆಯಬೇಕು. ಹಿಂದೆ ಆ ಕೆಲಸಕ್ಕೆ ಹೊಸ ಥ್ರೆಡ್ ಹುಟ್ಟಬೇಕಿತ್ತು. ಮೆಮೊರಿಯೇ ಇಲ್ಲದಾಗ ಅದು ಹುಟ್ಟುವುದೆಲ್ಲಿಂದ? ನೀಲ್ ಬ್ರೌನ್ 2022ರಲ್ಲಿ ಮಾಡಿದ ತಿದ್ದುಪಡಿಯಲ್ಲಿ, ಸ್ವಾಪ್ ಚಾಲೂ ಇರುವಷ್ಟು ಕಾಲ ಆ ಥ್ರೆಡ್ ಮೊದಲೇ ಎದ್ದು ಕಾದಿರುತ್ತದೆ. ಹಳೆಯ ಕರ್ನಲ್, ಹೊಸ ಕರ್ನಲ್ ಎರಡರಲ್ಲೂ ಈ ಸುತ್ತು ನಡೆಸಿ ನೋಡುವುದು ಒಳ್ಳೆಯದು.

ಸಂಪರ್ಕ ಮರಳಿದ ಮೇಲೆ ಪ್ರೋಗ್ರಾಂ ಮೊದಲ ಪುಟದಿಂದ ಓದುತ್ತಾ ಬರುತ್ತದೆ. 2,04,800ನೇ ಪುಟದ ಮೇಲೂ ನಾನು ಬರೆಸಿದ ಸಂಖ್ಯೆಯೇ ಇದ್ದರೆ ನೋಟ್‌ಬುಕ್‌ನಲ್ಲಿ ಆ ಕರ್ನಲ್‌ನ ಮುಂದೆ ‘ಪಾಸ್’ ಎಂದು ಬರೆಯುತ್ತೇನೆ.