ರೈತನ ಕಡೆ ತಿರುಗಿಸಿದ ಪರದೆ

ಹೊಗಳಿಕೆಯ ಭಾರಕ್ಕೇ ಬಗ್ಗಿದ ಸರ್ಕಾರಿ ಯೋಜನೆಗಳನ್ನು ಪಟ್ಟಿ ಮಾಡಿದರೆ ಕಂದಾಯ ಇಲಾಖೆಯ ಪಹಣಿ ಗಣಕೀಕರಣ ಯೋಜನೆ 'ಭೂಮಿ' ಮೇಲಿನ ಸಾಲಿನಲ್ಲೇ ಬರುತ್ತದೆ. ಎರಡು ಕೋಟಿ ಪಹಣಿ, 67 ಲಕ್ಷ ಭೂಮಾಲೀಕರು, ಆರಂಭದಲ್ಲಿ 15 ರೂಪಾಯಿಗೆ ಕಂಪ್ಯೂಟರ್ ಪ್ರತಿ, ಕೈಬರಹದ ಪಹಣಿ ಇನ್ನು ಚಲಾವಣೆಯಲ್ಲಿಲ್ಲವೆಂಬ ಆದೇಶ, ವಿಶ್ವಬ್ಯಾಂಕಿನ ಶಹಬ್ಬಾಸ್. ಇದೆಲ್ಲ ಓದುಗರಿಗೆ ಗೊತ್ತಿರುವುದೇ. ಗ್ರಾಮ ಲೆಕ್ಕಿಗರ ಚೀಲದಲ್ಲಿದ್ದ ದಾಖಲೆಯನ್ನು ಹೊರಗೆಳೆದದ್ದು ಸಣ್ಣ ಕೆಲಸವಲ್ಲ, ಒಪ್ಪೋಣ. ಆದರೆ ಮಾಹಿತಿ ವ್ಯವಸ್ಥೆಯೊಂದರ ಯೋಗ್ಯತೆ ತಿಳಿಯುವುದು ಎಲ್ಲ ಸರಿಯಿದ್ದಾಗ ಅಲ್ಲ. ತಪ್ಪು ನಮೂದು ಹಿಡಿದು ಬಂದವನಿಗೆ ಅದು ಏನು ಉತ್ತರ ಕೊಡುತ್ತದೆ ಎಂಬುದರಲ್ಲಿ. ಆ ಪರೀಕ್ಷೆಯಲ್ಲಿ 'ಭೂಮಿ' ಪಾಸಾಗಿಲ್ಲ.

'ಭೂಮಿ'ಯ ಬಗ್ಗೆ ಬಂದ ಅನೇಕ ಲೇಖನಗಳು ಮೆಚ್ಚಿ ಬರೆದ ಒಂದು ಏರ್ಪಾಡಿದೆ: ಕೌಂಟರಿನಲ್ಲಿ ಇನ್ನೊಂದು ಮಾನಿಟರ್ ಇಟ್ಟು ಅದರ ಮುಖವನ್ನು ರೈತನ ಕಡೆ ತಿರುಗಿಸಿದ್ದು. ಒಳಗಿನ ನೌಕರ ಏನು ಮಾಡುತ್ತಿದ್ದಾನೆಂದು ಹೊರಗೆ ನಿಂತವನಿಗೂ ಕಾಣಲಿ ಎಂಬುದು ಉದ್ದೇಶ. ಪಾರದರ್ಶಕತೆ ಎಂದರೆ ಇದೇ ಎಂದು ಕೊಂಡಾಡಿದರು. ಆ ಪರದೆಯಲ್ಲಿ ಕಾಣುವುದಾದರೂ ಏನು?

ಒಂದು ಸರ್ವೆ ನಂಬರಿನ ಪಹಣಿ ತೆಗೆದುಕೊಳ್ಳಿ. 3ನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣ 3 ಎಕರೆ 20 ಗುಂಟೆ. 9ನೇ ಕಾಲಂನಲ್ಲಿ ಮೂವರು ಅಣ್ಣತಮ್ಮಂದಿರ ಹೆಸರು: 1 ಎಕರೆ 10 ಗುಂಟೆ, 1 ಎಕರೆ 10 ಗುಂಟೆ, 1 ಎಕರೆ 5 ಗುಂಟೆ. ಕೂಡಿದರೆ 3 ಎಕರೆ 25 ಗುಂಟೆ. ಇಲ್ಲದ ಐದು ಗುಂಟೆ ಕಾಗದದ ಮೇಲೆ ಹುಟ್ಟಿಕೊಂಡಿದೆ. ಹಳೆಯ ಪುಸ್ತಕದಲ್ಲೇ ತಪ್ಪಿತ್ತೋ, ಟೈಪ್ ಮಾಡುವಾಗ 5 ಬಿತ್ತೋ, ಯಾರು ಹೇಳಬೇಕು? ಸಾಗುವಳಿಗೆ ಇದರಿಂದ ಏನೂ ತೊಂದರೆಯಿಲ್ಲ. ತೊಂದರೆ ಶುರುವಾಗುವುದು ಜಮೀನು ಭಾಗ ಮಾಡಿಸುವ ಪೋಡಿಗೋ ಖಾತೆ ಬದಲಾವಣೆಗೋ ಹೋದ ದಿನ. ಕಾಲಂ 3ಕ್ಕೂ 9ಕ್ಕೂ ತಾಳೆಯಿಲ್ಲ, ಕೆಲಸ ಮುಂದೆ ಹೋಗುವುದಿಲ್ಲ.

ಈಗ ಆ ಪರದೆ ನೋಡಿ. ತಪ್ಪು ರೈತನಿಗೂ ಕಾಣುತ್ತಿದೆ, ನೌಕರನಿಗೂ ಕಾಣುತ್ತಿದೆ. ತಿದ್ದುವ ಅಧಿಕಾರ ಇಬ್ಬರಿಗೂ ಇಲ್ಲ. ಅರ್ಜಿ ತಹಶೀಲ್ದಾರರಿಗೆ ಹೋಗಬೇಕು, ಇಲ್ಲವೇ ಉಪವಿಭಾಗಾಧಿಕಾರಿಗೆ. ಜೊತೆಗೆ ಪುರಾವೆ ಬೇಕು: ಹಳೆಯ ಮ್ಯುಟೇಷನ್, ಆಕಾರಬಂದ್, ರೆಕಾರ್ಡ್ ರೂಮಿನಿಂದ ತೆಗೆಸಿದ ಕೈಬರಹದ ಪಹಣಿ. ಯಾವ ಕೈಬರಹಕ್ಕೆ ಬೆಲೆಯಿಲ್ಲವೆಂದು ಸಾರಿದ್ದರೋ ಅದೇ ಕೈಬರಹ ಈಗ ಕಂಪ್ಯೂಟರಿನ ವಿರುದ್ಧ ಸಾಕ್ಷಿ! ಕೂಡುವ ಲೆಕ್ಕ ಕಂಪ್ಯೂಟರಿಗೆ ಕ್ಷಣದ ಕೆಲಸ. ನಮೂದು ಮಾಡಿದ ದಿನವೇ ತಾಳೆಯಾಗದ ಪಹಣಿಗಳನ್ನೆಲ್ಲ ಪಟ್ಟಿ ಮಾಡಿ, ಇಲಾಖೆಯೇ ಊರೂರಿಗೆ ಹೋಗಿ ಸರಿಪಡಿಸಬಹುದಿತ್ತು. ಅದರ ಬದಲು ತಪ್ಪನ್ನು ಒಳಗಿಟ್ಟುಕೊಂಡು, ಅದನ್ನು ಸಾಬೀತುಪಡಿಸುವ ಹೊಣೆಯನ್ನು ರೈತನ ತಲೆಗೆ ಕಟ್ಟಲಾಯಿತು. ಎಷ್ಟೋ ವರ್ಷಗಳ ಮೇಲೆ ಇಲಾಖೆ ತಿದ್ದುಪಡಿ ಆಂದೋಲನಕ್ಕೆ ಹೊರಟಿತು. ತಡವಾಗಿ ಬಂದ ಬುದ್ಧಿಯೂ ಬುದ್ಧಿಯೇ.

ಭದ್ರಾ ಅಚ್ಚುಕಟ್ಟಿನಲ್ಲಿ ಈ ಐದು ಗುಂಟೆಯ ಗೋಜಲು ಪಹಣಿಯಲ್ಲೇ ನಿಲ್ಲುವುದಿಲ್ಲ. ಬೆಂಬಲ ಬೆಲೆಗೆ ಭತ್ತ ಕೊಡಲು, ಬೆಳೆ ಪರಿಹಾರ ಪಡೆಯಲು ರೈತರ ನೋಂದಣಿಯ 'ಫ್ರೂಟ್ಸ್' ಸಂಖ್ಯೆ ಬೇಕು. ಅದಕ್ಕೆ ಪಹಣಿ ಮತ್ತು ಆಧಾರ್ ಜೋಡಣೆಯಾಗಬೇಕು. ಪಹಣಿಯಲ್ಲಿ ಮಂಜಪ್ಪ, ಆಧಾರ್‌ನಲ್ಲಿ ಮಂಜುನಾಥ ಎಂದಿದ್ದರೆ ಇನ್ನೊಂದು ಸುತ್ತು. ಶರಾವತಿ ಜಲಾಶಯದಲ್ಲಿ ಮುಳುಗಿದ ಊರುಗಳಿಂದ ಎದ್ದು ಬಂದು ಶಿವಮೊಗ್ಗ ಜಿಲ್ಲೆಯಲ್ಲಿ ನೆಲೆ ನಿಂತವರ ಪಾಡಂತೂ ಬೇರೆಯೇ. ಎರಡು ಮೂರು ತಲೆಮಾರು ಉತ್ತರೂ ದಾಖಲೆಯಲ್ಲಿ ನೆಲ ಅರಣ್ಯದ್ದೇ. ಅದು ತಂತ್ರಾಂಶದ ದೋಷವಲ್ಲ, ನಿಜ. ಆದರೆ ಹಳೆಯ ಅನ್ಯಾಯವನ್ನು ಅಚ್ಚುಕಟ್ಟಾಗಿ ಮುದ್ರಿಸಿ ಕೊಡುವುದನ್ನೇ ಸುಧಾರಣೆ ಎಂದು ಕರೆದದ್ದರ ಬಗ್ಗೆ ನನ್ನ ತಕರಾರಿದೆ.

ಇನ್ನು ವಿಮರ್ಶಕರು. ಹೊಗಳುವವರದು ಒಂದೇ ರಾಗ: ಲಂಚ ಇಳಿಯಿತು, ಕಾಯುವ ಸಮಯ ಇಳಿಯಿತು. ಅವರು ಅಳೆದದ್ದು ಹೆಚ್ಚಾಗಿ ಪಹಣಿಯ ಪ್ರತಿ ಪಡೆಯುವ ಕೆಲಸವನ್ನು. ಪ್ರತಿ ಕೊಡುವುದು ಅತಿ ಸುಲಭದ ಸೇವೆ, ತಿದ್ದುವುದೇ ಕಷ್ಟದ್ದು. ಎದುರು ಪಕ್ಷದಲ್ಲಿ ಸಂಶೋಧಕ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬರೆದದ್ದಿದೆ. ದಾಖಲೆ ಒಂದೆಡೆ ಸೇರಿದ್ದರಿಂದ ದೊಡ್ಡ ಬಂಡವಾಳದವರಿಗೆ ಭೂಮಿ ಕಬಳಿಸಲು ದಾರಿಯಾಯಿತು ಎಂಬುದು ಅವರ ವಾದ. ಬೆಂಗಳೂರಿನ ಸುತ್ತಮುತ್ತ ಅದು ನಿಜವಿರಬಹುದು. ಆದರೆ ಕರ್ನಾಟಕವೆಂದರೆ ದೇವನಹಳ್ಳಿಯಷ್ಟೇ ಅಲ್ಲ ಸ್ವಾಮಿ. ಭದ್ರಾವತಿಯ ಅರ್ಧ ಎಕರೆ ಅಡಿಕೆ ತೋಟಕ್ಕೆ ಜಾಗತಿಕ ಬಂಡವಾಳ ಕಣ್ಣು ಹಾಕಿಲ್ಲ. ಅಲ್ಲಿನ ಸಂಕಟ ಕಾಲಂ 9ರದ್ದು. ಒಬ್ಬರು ಕಂಪ್ಯೂಟರನ್ನು ದೇವರೆಂದರು, ಇನ್ನೊಬ್ಬರು ದೆವ್ವವೆಂದರು. ಕೌಂಟರಿನ ಹೊರಗೆ ಕಾಗದ ಹಿಡಿದು ನಿಂತವನ ಮೇಲೆ ಬರೆಯಲು ಇಬ್ಬರಿಗೂ ಪುರುಸೊತ್ತಿರಲಿಲ್ಲ.

ಹಾಗೆ ನಿಂತವನಿಗೆ ಉತ್ತರ ಕೊಡುವ ಪದ್ಧತಿ ಹತ್ತಿರದಲ್ಲೇ ಇದೆ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ ಮಾಚೇನಹಳ್ಳಿಯ ಐಟಿ ಪಾರ್ಕ್ ಸಿಗುತ್ತದೆ. ಇಂಥ ಉದ್ಯಮದಲ್ಲಿ ಬಳಕೆದಾರನ ದೂರಿಗೆ ಒಂದು ಟಿಕೆಟ್ ನಂಬರ್, ಅದನ್ನು ನೋಡಿಕೊಳ್ಳಲು ಒಬ್ಬ ಮನುಷ್ಯ, ತಡವಾದರೆ ಅವನ ಮೇಲಿನವನಿಗೆ ವರದಿ ಎಂಬುದು ಮಾಮೂಲು ಪದ್ಧತಿ. ಸರ್ಕಾರದಲ್ಲಿ ಅದಕ್ಕೆ ಹತ್ತಿರ ಬಂದದ್ದು 2012ರ ಸೇವಾ ಖಾತರಿ ಯೋಜನೆ 'ಸಕಾಲ': 15 ಅಂಕಿಯ ಸ್ವೀಕೃತಿ ಸಂಖ್ಯೆ, ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ. ಆದರೆ ಅದು ಎಣಿಸುವುದು ದಿನಗಳನ್ನು. ಅರ್ಜಿಯನ್ನು ಅವಧಿಯೊಳಗೆ ತಿರಸ್ಕರಿಸಿದರೂ ಅದು ವಿಲೇವಾರಿಯೇ.

ಹೀಗಾಗಿ ತಾಲ್ಲೂಕು ಕಚೇರಿಯ ಗೇಟಿನಾಚೆಯ ಜೆರಾಕ್ಸ್ ಅಂಗಡಿ, ಅರ್ಜಿ ಬರೆಯುವವರ ಟೇಬಲ್ಲುಗಳೇ 'ಭೂಮಿ'ಯ ನಿಜವಾದ ಸಹಾಯವಾಣಿ. ಯಾವ ಅರ್ಜಿಗೆ ಯಾವ ಲಗತ್ತು, ಯಾವ ಮೇಜಿಗೆ ಹೋಗಬೇಕು, ಸರ್ವರ್ ಯಾವ ಹೊತ್ತಿಗೆ ತೆರೆದುಕೊಳ್ಳುತ್ತದೆ ಎಂದು ಹೇಳುವವರು ಅವರು. ಅವರನ್ನು ದಲ್ಲಾಳಿಗಳೆಂದು ಜರೆಯುವುದು ಸುಲಭ. ಆದರೆ ಇಲಾಖೆ ಖಾಲಿ ಬಿಟ್ಟ ಕುರ್ಚಿಯಲ್ಲಿ ಅವರು ಕೂತಿದ್ದಾರೆ.

'ಭೂಮಿ' ಒಳ್ಳೆಯ ದಾಖಲೆಕೋಣೆ, ಕಳಪೆ ಸೇವೆ. ಕಂದಾಯ ಇಲಾಖೆ ಇನ್ನೊಂದು ಆ್ಯಪ್ ಬಿಡುವ ಮುನ್ನ ಪ್ರತಿ ತಾಲ್ಲೂಕು ಕಚೇರಿಯಲ್ಲೂ ತಿದ್ದುಪಡಿಗೆಂದೇ ಒಂದು ಕೌಂಟರ್ ತೆರೆಯಲಿ, ಅಲ್ಲಿ ಕೂರುವವರಿಗೆ ತಿದ್ದುವ ಅಧಿಕಾರ ಕೊಡಲಿ, ರೆಕಾರ್ಡ್ ರೂಮಿನ ಹಳೆಯ ಪಹಣಿಯನ್ನು ಹುಡುಕಿ ತರುವ ಕೆಲಸವನ್ನು ರೈತನಿಂದ ಕಿತ್ತು ತನ್ನ ಮೇಲೆ ಹಾಕಿಕೊಳ್ಳಲಿ.